ಗಣತಿದಾರ ಬರೆದ ಒಂದು ಸಾಲು, ಡಿಎನ್‌ಎ ಹೇಳದ ಒಂದು ಹೆಸರು

1870ರ ಅಮೆರಿಕದ ಜನಗಣತಿ ಪುಸ್ತಕದಲ್ಲಿ ಒಂದು ಪುಟವಿದೆ. ಒಹಾಯೋ ರಾಜ್ಯದ ರಾಸ್ ಕೌಂಟಿಯ ಹಂಟಿಂಗ್ಟನ್ ಎಂಬ ಕಡೆಯದು. ಗಣತಿದಾರ ವಿಲಿಯಂ ವೀವರ್ ಮನೆ ಮನೆಗೆ ಹೋಗಿ ಹೆಸರು, ವಯಸ್ಸು, ಮೈಬಣ್ಣ, ಕಸುಬು ಬರೆದುಕೊಂಡಿದ್ದಾನೆ. ಮ್ಯಾಡಿಸನ್ ಹೆಮಿಂಗ್ಸ್ ಎಂಬ ವಯಸ್ಸಾದವರ ಹೆಸರು ಬಂದಾಗ ಮಾತ್ರ ಫಾರಂ ಕೇಳದೇ ಇದ್ದ ಒಂದು ಮಾತು ಸೇರಿಸಿದ್ದಾನೆ: ‘ಈ ಮನುಷ್ಯ ಥಾಮಸ್ ಜೆಫರ್ಸನ್‌ ಅವರ ಮಗ’.

ಜೆಫರ್ಸನ್ ಅಮೆರಿಕದ 3ನೇ ಅಧ್ಯಕ್ಷರು. ಮ್ಯಾಡಿಸನ್‌ನ ತಾಯಿ ಸ್ಯಾಲಿ ಹೆಮಿಂಗ್ಸ್, ಅವರ ಮನೆಯ ಗುಲಾಮ ಹೆಂಗಸು.

ಹಳೇ ದಾಖಲೆ ಮತ್ತು ಡಿಎನ್‌ಎ ವರದಿ ಎರಡನ್ನೂ ಜೊತೆಗಿಟ್ಟು ಓದುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ‘ನಮ್ಮ ಮುತ್ತಜ್ಜನ ಅಪ್ಪ ಯಾರು ಅಂತ ಡಿಎನ್‌ಎ ಮಾಡಿಸಿದರೆ ಗೊತ್ತಾಗುತ್ತಲ್ವಾ?’ ಅವರಿಗೆಲ್ಲ ನಾನು ಹೇಳುವುದು ಈ ಹೆಮಿಂಗ್ಸ್ ಪ್ರಕರಣವನ್ನೇ. ಕಾಗದ ಎಲ್ಲಿ ಸುಳ್ಳು ಹೇಳುತ್ತದೆ, ಡಿಎನ್‌ಎ ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ, ಎರಡೂ ಒಂದರಲ್ಲೇ ಸಿಗುತ್ತದೆ.

ಮೊದಲು ಕಾಗದ. ಗಣತಿಯ ಯಾವುದೇ ಸಾಲು ಕಂಡರೂ ನಾನು ಮೊದಲು ಕೇಳುವುದು, ಇದನ್ನು ಹೇಳಿದವರು ಯಾರು ಅಂತ. ನಮ್ಮಲ್ಲಿ ಗಣತಿಗೆ ಬಂದ ಮೇಷ್ಟ್ರಿಗೆ ಮನೆಯಲ್ಲಿದ್ದ ಸೊಸೆ ಅತ್ತೆಯ ವಯಸ್ಸನ್ನು ಅಂದಾಜಿನಲ್ಲಿ ಹೇಳಿ ಕಳಿಸುವುದಿಲ್ಲವೇ, ಅಲ್ಲೂ ಅಷ್ಟೇ. ಉತ್ತರ ಕೊಟ್ಟವರು ಯಾರು ಎಂದು ಅಮೆರಿಕದವರು ಗುರುತು ಹಾಕಲು ಶುರು ಮಾಡಿದ್ದೇ 1940ರ ಗಣತಿಯಲ್ಲಿ. ಹೇಳಿದವರ ಹೆಸರಿನ ಮುಂದೆ ವೃತ್ತದೊಳಗೆ ಒಂದು ಇಂಟು ಮಾರ್ಕು. ಅದಕ್ಕಿಂತ ಹಿಂದಿನದೆಲ್ಲ ಊಹೆ. ವೀವರ್ ಬರೆದ ಸಾಲನ್ನು ಮ್ಯಾಡಿಸನ್ ಅವರೇ ಹೇಳಿರಬಹುದು, ಊರಿನವರ ಮಾತನ್ನು ಅವನು ಕೇಳಿಸಿಕೊಂಡಿರಬಹುದು. 3 ವರ್ಷದ ನಂತರ, 1873ರಲ್ಲಿ, ಮ್ಯಾಡಿಸನ್ ಒಂದು ಸ್ಥಳೀಯ ಪತ್ರಿಕೆಗೆ ತಮ್ಮ ಕಥೆ ಹೇಳಿದರು. ತಾವೂ ತಮ್ಮ ಒಡಹುಟ್ಟಿದವರೂ ಜೆಫರ್ಸನ್ ಮಕ್ಕಳೇ ಎಂದರು. ಆ ಗಣತಿಯ ಸಾಲಿನಿಂದ ತಂದೆ ಯಾರು ಎಂಬುದು ಸಾಬೀತಾಗುವುದಿಲ್ಲ. ಆದರೆ ಈ ಮಾತು 1873ಕ್ಕಿಂತ ಮುಂಚೆಯೇ ಆ ಊರಲ್ಲಿ ಓಡಾಡುತ್ತಿತ್ತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಅಷ್ಟು ಮಾತ್ರ, ಅದಕ್ಕಿಂತ ಜಾಸ್ತಿ ಬೇಡ.

ಇದೇ ಕುಟುಂಬದ ಮೈಬಣ್ಣದ ಕಾಲಂ ನೋಡಿ. 1830ರ ಗಣತಿಯಲ್ಲಿ ಸ್ಯಾಲಿ ಮತ್ತು ಅವರ ಮಕ್ಕಳು ಬಿಳಿಯರ ಲೆಕ್ಕದಲ್ಲಿದ್ದಾರೆ. 1833ರಲ್ಲಿ ವರ್ಜೀನಿಯಾದಲ್ಲಿ ನಡೆದ ಒಂದು ವಿಶೇಷ ಎಣಿಕೆಯಲ್ಲಿ ಅದೇ ಸ್ಯಾಲಿ ಮಿಶ್ರ ಬಣ್ಣದವರು. ಮ್ಯಾಡಿಸನ್‌ನ ತಮ್ಮ ಎಸ್ಟನ್ 1852ರಲ್ಲಿ ಒಹಾಯೋ ಬಿಟ್ಟು ವಿಸ್ಕಾನ್ಸಿನ್‌ಗೆ ಹೋದರು, ಮನೆತನದ ಹೆಸರನ್ನು ಜೆಫರ್ಸನ್ ಎಂದು ಬದಲಿಸಿಕೊಂಡರು. ಆಮೇಲೆ ಆ ಕವಲು ಬಿಳಿಯರಾಗಿಯೇ ಬದುಕಿತು. ಹೆಸರು, ಬಣ್ಣ ಎರಡೂ ಬದಲಾದ ಮೇಲೆ ಬರೀ ಗಣತಿ ಹಿಡಿದುಕೊಂಡು ಹಿಂದಕ್ಕೆ ಹೋಗುವವರು ಇಲ್ಲಿ ದಾರಿ ತಪ್ಪುತ್ತಾರೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಅಮೆರಿಕದ ಗಣತಿಯಲ್ಲಿ ಮನೆಯ ಯಜಮಾನನಿಗೆ ಇವರು ಏನಾಗಬೇಕು ಎಂಬ ಕಾಲಂ ಬಂದದ್ದೇ 1880ರಲ್ಲಿ. ಅದಕ್ಕಿಂತ ಮುಂಚೆ ಒಂದು ಮನೆಯಲ್ಲಿ ಒಂದು ಮಗುವಿನ ಹೆಸರಿದೆ ಎಂದ ಮಾತ್ರಕ್ಕೆ ಅದು ಆ ಮನೆಯವರ ಮಗು ಆಗಬೇಕಿಲ್ಲ. ತಂಗಿಯ ಮಗು ಇರಬಹುದು, ಕೂಲಿಗೆ ಇಟ್ಟುಕೊಂಡ ಹುಡುಗ ಇರಬಹುದು. ಬ್ರಿಟನ್ನಿನಲ್ಲಿ ಈ ಕಾಲಂ 1851ರಿಂದಲೇ ಇದೆ. ಆದರೆ ಅಲ್ಲಿ ಬೇರೆ ಆಟ. ಮದುವೆಯಾಗದ ಮಗಳಿಗೆ ಹುಟ್ಟಿದ ಮಗುವನ್ನು ಅಜ್ಜ-ಅಜ್ಜಿ ತಮ್ಮದೇ ಮಗು ಎಂದು ಬರೆಸುವುದು ತೀರಾ ಸಾಮಾನ್ಯವಾಗಿತ್ತು. ಮನೆಯ ಯಜಮಾನಿಗೆ 49 ವರ್ಷ, 10 ವರ್ಷದಿಂದ ಮಕ್ಕಳಿಲ್ಲ, ಇದ್ದಕ್ಕಿದ್ದ ಹಾಗೆ 1 ವರ್ಷದ ಕೂಸು, ಪಕ್ಕದ ಸಾಲಿನಲ್ಲಿ 19ರ ಮಗಳು. ಇಂಥದ್ದು ಕಂಡಾಗ ನಾನು ಅಲ್ಲೇ ನಿಲ್ಲುತ್ತೇನೆ. 1911ರ ಬ್ರಿಟಿಷ್ ಗಣತಿಯಲ್ಲಿ ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದಿವೆ ಎಂದು ಕೇಳಿದ್ದಾರೆ. ಅಮೆರಿಕದಲ್ಲಿ 1900 ಮತ್ತು 1910ರಲ್ಲಿ ಇದೇ ಪ್ರಶ್ನೆ ಇತ್ತು. ಆ ಸಂಖ್ಯೆಯನ್ನೂ ಮನೆಯವರ ಪಟ್ಟಿಯನ್ನೂ ತಾಳೆ ನೋಡಿ. ಮಗುವಿನ ವಿಷಯದಲ್ಲಿ ಸುಳ್ಳು ಹೇಳಿದವರು ಎಣಿಕೆಯಲ್ಲಿ ಸಿಕ್ಕಿಬೀಳುವುದುಂಟು.

ಕೆಲವು ಕಡೆ ಪುಸ್ತಕವೇ ಇಲ್ಲ. ಅಮೆರಿಕದ 1890ರ ಗಣತಿಯ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಯಿತು. ಇಂಗ್ಲೆಂಡಿನ 1931ರದ್ದು 1942ರಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಅಮೆರಿಕದವರು ಹೆಸರಿರುವ ಪುಟಗಳನ್ನು 72 ವರ್ಷದ ನಂತರ ತೆರೆಯುತ್ತಾರೆ, ಬ್ರಿಟನ್ನಿನವರು 100 ವರ್ಷದ ನಂತರ. ಹಾಗಾಗಿ 1921ರದ್ದು 2022ರಲ್ಲಿ ಸಿಕ್ಕಿತು.

ಈಗ ಡಿಎನ್‌ಎಗೆ ಬರೋಣ. ಜೆಫರ್ಸನ್ ಪ್ರಕರಣದಲ್ಲಿ ಒಂದು ಬದಲಿ ಕಥೆ ಇತ್ತು. ಅವರ ಮೊಮ್ಮಕ್ಕಳು, ‘ತಾತ ಅಲ್ಲ, ತಾತನ ತಂಗಿಯ ಮಕ್ಕಳಾದ ಪೀಟರ್ ಕಾರ್ ಮತ್ತು ಸ್ಯಾಮ್ಯುಯೆಲ್ ಕಾರ್ ಇದಕ್ಕೆ ಕಾರಣ’ ಎಂದು ಹೇಳಿಕೊಂಡು ಬಂದಿದ್ದರು. ಒಬ್ಬ ಮೊಮ್ಮಗ ಪೀಟರ್ ಎಂದ, ಒಬ್ಬ ಮೊಮ್ಮಗಳು ಸ್ಯಾಮ್ಯುಯೆಲ್ ಎಂದಳು. ನೂರಕ್ಕೂ ಹೆಚ್ಚು ವರ್ಷ ಇತಿಹಾಸಕಾರರು ಇದನ್ನೇ ನಂಬಿದರು. ಮನೆಯವರ ಮಾತಿಗೆ ಇದ್ದ ತೂಕ ಮ್ಯಾಡಿಸನ್‌ ಮಾತಿಗೆ ಇರಲಿಲ್ಲ. ಅದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ನಿವೃತ್ತ ಪೆಥಾಲಜಿಸ್ಟ್ ಡಾ. ಯೂಜೀನ್ ಫಾಸ್ಟರ್ ಮತ್ತು ಸಂಗಡಿಗರು ವೈ ಕ್ರೋಮೋಸೋಮ್ ಹಿಡಿದರು. ಅದು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಡಿಮೆ ಹಾಗೇ ದಾಟುತ್ತದೆ. ತೊಡಕು ಏನೆಂದರೆ ಜೆಫರ್ಸನ್‌ಗೆ ಹೆಂಡತಿಯಿಂದ ಹುಟ್ಟಿ ಬದುಕುಳಿದ ಗಂಡು ಮಗು ಇರಲಿಲ್ಲ. ಹಾಗಾಗಿ ದಾಯಾದಿಗಳನ್ನು ಹುಡುಕಿದರು. ಜೆಫರ್ಸನ್‌ರ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ ಅವರ ಗಂಡು ಸಂತತಿಯ 5 ಜನ ಸಿಕ್ಕರು. ಎಸ್ಟನ್‌ ಹೆಮಿಂಗ್ಸ್‌ ಕಡೆಯಿಂದ ಒಬ್ಬ ಗಂಡಸು. ಕಾರ್ ವಂಶದಿಂದ 3 ಜನ. ಸ್ಯಾಲಿಯ ಮೊದಲ ಮಗ ತಮ್ಮ ಪೂರ್ವಜ ಎನ್ನುತ್ತಿದ್ದ ವುಡ್ಸನ್ ಎಂಬ ಕುಟುಂಬದಿಂದ 5 ಜನ.

ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ 1998ರ ನವೆಂಬರ್‌ನಲ್ಲಿ ಬಂತು. ಎಸ್ಟನ್ ಕಡೆಯವರದು ಜೆಫರ್ಸನ್ ದಾಯಾದಿಗಳ ವೈಗೆ ಸರಿಹೊಂದಿತು. ಕಾರ್ ಹೊಂದಲಿಲ್ಲ. ವುಡ್ಸನ್ ಹೊಂದಲಿಲ್ಲ.

ಎಲ್ಲರೂ ಮೊದಲನೇ ಸಾಲನ್ನು ಹಿಡಿದುಕೊಂಡರು. ನನ್ನ ಪ್ರಕಾರ ಗಟ್ಟಿ ಉತ್ತರ ಇರುವುದು ಎರಡನೆಯದರಲ್ಲಿ. ಎಸ್ಟನ್‌ನ ತಂದೆ ಕಾರ್ ಸಹೋದರರಲ್ಲಿ ಯಾರೂ ಅಲ್ಲ ಎಂದು ಡಿಎನ್‌ಎ ಖಚಿತವಾಗಿ ಹೇಳಿತು. ‘ಅಲ್ಲ’ ಎನ್ನುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ‘ಹೌದು’ ಎನ್ನುವಾಗ ಮಾತ್ರ ಅದು ಇಡೀ ದಾಯಾದಿ ಕೂಟದ ಕಡೆ ಬೆರಳು ತೋರಿಸುತ್ತದೆ, ಒಬ್ಬನ ಹೆಸರು ಹೇಳುವುದಿಲ್ಲ. ಜೆಫರ್ಸನ್‌ರ ತಮ್ಮ ರ‍್ಯಾಂಡಾಲ್ಫ್‌ಗೂ ಅವನ ಗಂಡು ಮಕ್ಕಳಿಗೂ ಇದ್ದದ್ದು ಅದೇ ವೈ. ಪತ್ರಿಕೆ ಕೊಟ್ಟ ತಲೆಬರಹ ಇದನ್ನೆಲ್ಲ ಮರೆತು ಜೆಫರ್ಸನ್ನೇ ತಂದೆ ಎಂದುಬಿಟ್ಟಿತು. ಲೇಖಕರೇ ಆಮೇಲೆ ಬೇರೆ ಸಾಧ್ಯತೆಗಳನ್ನು ತಳ್ಳಿಹಾಕಲು ಆಗದು ಎಂದು ಸ್ಪಷ್ಟನೆ ಕೊಡಬೇಕಾಯಿತು.

ಹೆಸರಿನವರೆಗೆ ಕರೆದುಕೊಂಡು ಹೋದದ್ದು ಮತ್ತೆ ಕಾಗದವೇ. ಜೆಫರ್ಸನ್ ಮಂತ್ರಿಯಾಗಿ, ಅಧ್ಯಕ್ಷರಾಗಿ ತಿಂಗಳುಗಟ್ಟಲೆ ಊರಿನಿಂದ ಹೊರಗಿರುತ್ತಿದ್ದರು. ಬರೆದ ಪತ್ರ, ಮಾಡಿದ ಖರ್ಚು ಎಲ್ಲದರ ಲೆಕ್ಕ ಇಟ್ಟ ಮನುಷ್ಯ. ಸ್ಯಾಲಿಯ ಒಂದೊಂದು ಮಗು ಹುಟ್ಟಿದ ದಿನದಿಂದ 9 ತಿಂಗಳು ಹಿಂದಕ್ಕೆ ಎಣಿಸಿದರೆ ಪ್ರತಿ ಸಲವೂ ಅವರು ಮಾಂಟಿಸೆಲೊ ಮನೆಯಲ್ಲೇ ಇದ್ದಾರೆ. ರ‍್ಯಾಂಡಾಲ್ಫ್ ವಿಷಯದಲ್ಲಿ ಇರುವುದು ಎಸ್ಟನ್ ಹುಟ್ಟುವ 9 ತಿಂಗಳ ಹಿಂದೆ, 1807ರ ಆಗಸ್ಟ್‌ನಲ್ಲಿ, ಅಣ್ಣ ಬರೆದ ಒಂದು ಆಹ್ವಾನ. ಬಂದ ಎಂಬುದಕ್ಕೆ ದಾಖಲೆ ಇಲ್ಲ. ಇದನ್ನೆಲ್ಲ ಕೂಡಿಸಿ, ಮಾಂಟಿಸೆಲೊ ನೋಡಿಕೊಳ್ಳುವ ಸಂಸ್ಥೆ 2000ದಲ್ಲಿ ಜೆಫರ್ಸನ್ನೇ ತಂದೆ ಎಂಬ ತೀರ್ಮಾನಕ್ಕೆ ಬಂತು. 2001ರಲ್ಲಿ ಇನ್ನೊಂದು ತಂಡ ಒಪ್ಪಲಿಲ್ಲ. ನನಗೆ ಮೊದಲನೆಯದೇ ಸರಿ ಕಾಣುತ್ತದೆ. ರ‍್ಯಾಂಡಾಲ್ಫ್ ಹೆಸರು ಕಾರ್ ಸಹೋದರರು ಪರೀಕ್ಷೆಯಲ್ಲಿ ಬಿದ್ದುಹೋದ ಮೇಲೆ ಮುಂದೆ ಬಂದದ್ದು.

ಇಷ್ಟಾದರೂ ಮ್ಯಾಡಿಸನ್ ಬಗ್ಗೆ, ಅಂದರೆ ಆ ಗಣತಿ ಸಾಲಿನ ಮನುಷ್ಯನ ಬಗ್ಗೆ, ಡಿಎನ್‌ಎ ನೇರವಾಗಿ ಏನೂ ಹೇಳಿಲ್ಲ. ಪರೀಕ್ಷೆ ಆದದ್ದು ಎಸ್ಟನ್ ಕವಲಿನದು. ಮ್ಯಾಡಿಸನ್‌ನ ಗಂಡು ಸಂತತಿ ಪರೀಕ್ಷೆಗೆ ಸಿಗಲಿಲ್ಲ. ಅವರ ಮಗ ವಿಲಿಯಂನ ಸಮಾಧಿ ಕ್ಯಾನ್ಸಾಸ್‌ನಲ್ಲಿದೆ. ಅದನ್ನು ಅಗೆಯಲು ಕುಟುಂಬದವರು ಒಪ್ಪಲಿಲ್ಲ.

ಹಾಗಾದರೆ ಈಗ ಎಲ್ಲರೂ ಮಾಡಿಸುವ ಜೊಲ್ಲಿನ ಪರೀಕ್ಷೆ ಸಾಕಲ್ಲ ಎಂದು ಕೇಳುತ್ತಾರೆ. ಅದು ಅಪ್ಪ, ಅಮ್ಮ ಎರಡೂ ಕಡೆಯ ಡಿಎನ್‌ಎ ಅಳೆಯುತ್ತದೆ, ಲೆಕ್ಕ ಡಿಎನ್‌ಎ ತುಣುಕಿನ ಉದ್ದ ಹೇಳುವ ಸೆಂಟಿಮಾರ್ಗನ್‌ನಲ್ಲಿ. ಇಲ್ಲಿ ಅದು ಕೈಕೊಡುತ್ತದೆ, ಕಾರಣ ಸ್ವಾರಸ್ಯವಾಗಿದೆ. ಜೆಫರ್ಸನ್‌ರ ಹೆಂಡತಿ ಮಾರ್ಥಾಳ ಅಪ್ಪ ಜಾನ್ ವೇಲ್ಸ್. ಮ್ಯಾಡಿಸನ್ ಹೇಳಿದ ಪ್ರಕಾರ ಸ್ಯಾಲಿಯ ಅಪ್ಪನೂ ಅವನೇ. ಅಂದರೆ ಯಜಮಾನಿಯೂ ಗುಲಾಮಳೂ ಒಬ್ಬನೇ ಅಪ್ಪನ ಮಕ್ಕಳು. ಜೆಫರ್ಸನ್‌ರ ‘ಅಧಿಕೃತ’ ವಂಶದವರೆಲ್ಲ ಮಾರ್ಥಾ ಮೂಲಕವೇ ಬಂದವರು. ಹೀಗಿರುವಾಗ ಅವರಿಗೂ ಹೆಮಿಂಗ್ಸ್ ವಂಶದವರಿಗೂ ನಡುವೆ ಒಂದು ಚೂರು ಡಿಎನ್‌ಎ ಹೊಂದಿದರೆ ಅದು ಜೆಫರ್ಸನ್‌ನಿಂದ ಬಂತೋ ವೇಲ್ಸ್‌ನಿಂದ ಬಂತೋ? ಜೊಲ್ಲಿನ ಪರೀಕ್ಷೆ ಅದನ್ನು ಹೇಳುವುದಿಲ್ಲ. ಜೊತೆಗೆ ಅಷ್ಟು ತಲೆಮಾರು ದಾಟಿದ ಮೇಲೆ ಉಳಿಯುವುದೂ ತೀರಾ ಕಡಿಮೆ. ಮುತ್ತಜ್ಜನ ಅಪ್ಪ-ಅಮ್ಮ ಒಬ್ಬರೇ ಆಗಿರುವ 3ನೇ ತಲೆಮಾರಿನ ಕಸಿನ್‌ಗಳಲ್ಲೇ ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಪರೀಕ್ಷೆಗೆ ಸಿಗುವಷ್ಟು ಹಂಚಿಕೆ ಇರುವುದಿಲ್ಲ.

ಒಂದೇ ಜೋಡಿಗೆ ಎರಡು ದಾರಿಯಿಂದ ನಂಟು ಇದ್ದರೆ ಆಗುವ ಈ ಗೊಂದಲ, ಕನ್ನಡದ ಮನೆಗಳಿಂದ ಬರುವ ವರದಿಗಳಲ್ಲಿ ದಿನನಿತ್ಯದ ಪಾಡು. ಅಮೆರಿಕದಲ್ಲಿರುವ ನಮ್ಮ ಹುಡುಗರು ಹಬ್ಬದ ಆಫರ್‌ನಲ್ಲಿ ಕಿಟ್ ತರಿಸುತ್ತಾರೆ, ಮ್ಯಾಚ್ ಪಟ್ಟಿ, ಅಂದರೆ ಡಿಎನ್‌ಎ ಹೊಂದಿದವರ ಪಟ್ಟಿ, ನೋಡಿ ಗಾಬರಿಯಾಗುತ್ತಾರೆ. ಒಂದು ಉದಾಹರಣೆ. ಅಪ್ಪ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದಾರೆ. ಈಗ ಚಿಕ್ಕಪ್ಪನ ಮಗನ ಜೊತೆ ಹೋಲಿಸಿ. ಅಪ್ಪನ ಕಡೆಯಿಂದ ಅವನು ಕಸಿನ್, ಸರಾಸರಿ 870 ಸೆಂಟಿಮಾರ್ಗನ್ ಬರಬೇಕು. ಆದರೆ ಅಮ್ಮನಿಗೂ ಅವನು ಸೋದರಮಾವನ ಮಗ, ಆ ದಾರಿಯಿಂದ ಇನ್ನೊಂದು 430ರಷ್ಟು. ಒಟ್ಟು 1,300ರ ಹತ್ತಿರ. ಕಂಪನಿಯ ಕೋಷ್ಟಕದಲ್ಲಿ ಆ ಸಂಖ್ಯೆಗೆ ಕಾಣುವ ಸಾಧ್ಯತೆಗಳಲ್ಲಿ ಒಂದು, ಅಪ್ಪ ಒಬ್ಬನೇ, ತಾಯಿ ಬೇರೆ ಇರುವ ಅಣ್ಣತಮ್ಮಂದಿರು! ಮನೆಯಲ್ಲಿ ಸುಮ್ನೆ ಬೆಂಕಿ ಬೀಳುತ್ತದೆ. ಆ ಕೋಷ್ಟಕಗಳು ಹೆಚ್ಚಾಗಿ ಸಂಬಂಧದಲ್ಲಿ ಮದುವೆಯಾಗದ ಸಮಾಜಗಳ ಅಂಕಿಯಿಂದ ಬಂದವು, ನಮ್ಮ ಮನೆಗಳಿಗೆ ಹಾಗೇ ಹಾಕಲು ಬರುವುದಿಲ್ಲ. ಇಂಥ ಕಡೆ ಮೊದಲು ನೋಡಬೇಕಾದದ್ದು ಅಪ್ಪ-ಅಮ್ಮನಿಂದ ಬಂದ ಎರಡೂ ಪ್ರತಿ ಒಂದೇ ಆಗಿರುವ ಭಾಗ ಎಷ್ಟು ಉದ್ದವಿದೆ ಎಂದು. ಸೋದರಮಾವ-ಸೊಸೆ ಮದುವೆಯ ಮಕ್ಕಳಲ್ಲಿ ಅದು ಸರಾಸರಿ ಎಂಟರಲ್ಲಿ ಒಂದು ಭಾಗ.

ನಮ್ಮಲ್ಲಿ ಇದಕ್ಕೆ ಜೋಡಿಯಾಗಿ ಗಣತಿ ಸಿಗುತ್ತದೆಯೇ? ಇಲ್ಲ. ದೇಶಾದ್ಯಂತ ಒಟ್ಟಿಗೆ ಎಣಿಸಲು ಶುರುವಾದದ್ದು 1881ರಲ್ಲಿ, ಆದರೆ ಉಳಿದದ್ದು ಕೋಷ್ಟಕಗಳು. ಒಬ್ಬೊಬ್ಬರ ವಿವರ 1948ರ ಗಣತಿ ಕಾಯ್ದೆಯ ಪ್ರಕಾರ ಯಾರಿಗೂ ತೋರಿಸುವಂತಿಲ್ಲ. ನಮಗೆ ಇರುವುದು ಪಹಣಿ, ಮ್ಯುಟೇಷನ್, ಶಾಲೆಯ ದಾಖಲಾತಿ, ಮತ್ತೆ ಹೆಳವರು. ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಪೀಳಿಗೆ ಹೇಳುವ ಹೆಳವರ ಪುಸ್ತಕಗಳಲ್ಲಿ ನಾಡಕಚೇರಿಯ ವಂಶವೃಕ್ಷಕ್ಕಿಂತ ಹಿಂದಿನ ತಲೆಮಾರುಗಳು ಸಿಗುವುದುಂಟು. ವಂಶವೃಕ್ಷ ಕೊಡುವುದೂ ಮನೆಯವರು ಹೇಳಿದ್ದರ ಮೇಲೆಯೇ, ಮರೆಯಬೇಡಿ. ಬೆಂಗಳೂರು ದಂಡು ಪ್ರದೇಶದ ಆಂಗ್ಲೋ ಇಂಡಿಯನ್ ಮನೆಗಳಿಗೆ ಮಾತ್ರ ಅದೃಷ್ಟ ಸ್ವಲ್ಪ ಚೆನ್ನಾಗಿದೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಾವಿನ ಪಟ್ಟಿಗಳ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ಸಾಲು ಸಿಕ್ಕರೆ ಅದೂ ಒಂದು ಸುಳಿವೇ.

ಕಿಟ್ ತರಿಸುವ ಮುಂಚೆ ಇಷ್ಟು ಮಾಡಿ. ಅನುಮಾನ ಇರುವ ತಂದೆ ಯಾರ್ಯಾರಿರಬಹುದು, ಎಲ್ಲರ ಹೆಸರೂ ಬರೆಯಿರಿ. ಯಾವ ಪರೀಕ್ಷೆ ಯಾರ ಹೆಸರನ್ನು ಹೊಡೆದುಹಾಕಬಲ್ಲದು ಎಂದು ಎದುರಿಗೆ ಗುರುತು ಹಾಕಿ. ಗಂಡು ಸಂತತಿ ಮುರಿಯದೆ ಬಂದಿದ್ದರೆ ವೈ, ಇಲ್ಲದಿದ್ದರೆ ಜೊಲ್ಲಿನ ಪರೀಕ್ಷೆ. ಮನೆಯಲ್ಲಿ ಬದುಕಿರುವ ಅತಿ ಹಿರಿಯರಿಂದ ಶುರು ಮಾಡಿ, ಅವರ ಡಿಎನ್‌ಎ ನಿಮ್ಮದಕ್ಕಿಂತ ಒಂದೆರಡು ತಲೆಮಾರು ಹಳೆಯದು. ಏನು ಗೊತ್ತಾಗಬಹುದು ಎಂದು ಅವರಿಗೆ ಬಿಡಿಸಿ ಹೇಳಿ, ಬೇಡ ಅಂದರೆ ಬಿಟ್ಟುಬಿಡಿ. ಮನೆಯಲ್ಲಿ ಸಂಬಂಧದಲ್ಲಿ ಆದ ಮದುವೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತನ್ನಿ. ವರದಿಗಿಂತ ಮೊದಲು ನಾನು ಕೇಳುವುದು ಆ ಹಾಳೆಯನ್ನೇ.