ಆಫ್ರಿಕಾದ ಮುಖವಾಡಗಳು ಮಾಟಕ್ಕೆಂದೇ ಮಾಡಿದವುಗಳೇ?

ಪಶ್ಚಿಮ ಆಫ್ರಿಕಾದ ಮುಖವಾಡದ ವಿಷಯ ಬಂದಾಗಲೆಲ್ಲ ಓದುಗರು ಕೇಳುವುದು ಇದೊಂದನ್ನೇ: ಅವು ಮಾಟಮಂತ್ರಕ್ಕೋ, ಜನರನ್ನು ಹೆದರಿಸುವುದಕ್ಕೋ? ಎಷ್ಟು ಬಾರಿ ಬರೆದರೂ ಈ ನಂಬಿಕೆ ಜಗ್ಗುವುದಿಲ್ಲ. ಭಯ ಹುಟ್ಟಿಸುವ ಮುಖವಾಡಗಳು ಅಲ್ಲಿ ಖಂಡಿತ ಇವೆ. ಆದರೆ ಹತ್ತಾರು ಜನಾಂಗಗಳ ನೂರಾರು ಬಗೆಯ ಮುಖವಾಡಗಳಿಗೆ ಒಂದೇ ಹಣೆಪಟ್ಟಿ ಅಂಟಿಸುವುದನ್ನು ನಾನು ಒಪ್ಪಲಾರೆ.

ಬೆನಿನ್ ಮತ್ತು ನೈಜೀರಿಯಾದ ಯೊರುಬಾ ಜನರ ಗೆಲೆಡೆಯನ್ನೇ ನೋಡಿ. 2001ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಆಚರಣೆ ಇದು. ಇದರ ಮುಖವಾಡದಲ್ಲಿ ಕೆತ್ತಿರುವುದು ಶಾಂತವಾದ ಮುಖ. ಅದರ ಮೇಲೆ ಹಾವು, ಹಕ್ಕಿ, ಕೆಲವೊಮ್ಮೆ ಹೊಲಿಗೆ ಯಂತ್ರ, ಮೋಟಾರ್ ಸೈಕಲ್ ಕೂಡ! ಕುಣಿಯುವವರು ಗಂಡಸರು. ಹೆಂಗಸರಿಂದ ಎರವಲು ತಂದ ಬಟ್ಟೆ ಉಟ್ಟು, ಮುಖವಾಡವನ್ನು ಟೋಪಿಯಂತೆ ತಲೆಯ ಮೇಲಿಟ್ಟು, ಮುಖಕ್ಕೆ ತೆಳುಬಟ್ಟೆ ಇಳಿಬಿಡುತ್ತಾರೆ. ಕಾಲಿಗೆ ಕಟ್ಟಿದ ಕಬ್ಬಿಣದ ಗೆಜ್ಜೆ ಡೋಲಿನ ಪ್ರತಿ ಪೆಟ್ಟಿಗೂ ಸರಿಹೊಂದಬೇಕು. ಒಂದು ಹೆಜ್ಜೆ ತಪ್ಪಿದರೂ ನೆರೆದವರಿಗೆ ತಿಳಿಯುತ್ತದೆ.

'ಆದರೂ ಅಲ್ಲಿ ಮಾಟದ ಮಾತು ಬರುತ್ತದಲ್ಲ' ಎನ್ನುವವರಿದ್ದಾರೆ. ಬರುತ್ತದೆ, ನಿಜ. ವಯಸ್ಸಾದ ತಾಯಂದಿರಲ್ಲಿ ಒಂದು ಶಕ್ತಿಯಿದೆ, ಒಲಿದರೆ ಮಕ್ಕಳು, ಬೆಳೆ; ಮುನಿದರೆ ಬರ, ರೋಗ ಎಂಬುದು ಯೊರುಬಾ ನಂಬಿಕೆ. ಗೆಲೆಡೆ ಆ ಶಕ್ತಿಯನ್ನು ಯಾರ ಮೇಲೂ ಪ್ರಯೋಗಿಸುವುದಿಲ್ಲ. ತಾಯಂದಿರನ್ನು ಕೊಂಡಾಡಿ, ನಗಿಸಿ, ಒಲಿಸಿಕೊಳ್ಳುತ್ತದೆ. ಹೆಂಗಸರ ವ್ಯಾಪಾರದ ಜಾಗವಾದ ಸಂತೆಮಾಳದಲ್ಲಿ ಅದು ನಡೆಯುವುದೂ ಇದೇ ಕಾರಣಕ್ಕೆ. ಹಿಂದಿನ ರಾತ್ರಿ ಎಫೆ ಎಂಬ ಮುಖವಾಡಧಾರಿ ಗಾಯಕ ಊರಿನ ತಪ್ಪಿತಸ್ಥರನ್ನು ಎಲ್ಲರೆದುರೇ ಹಾಡಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ, ಹಾಗೆಂದು ಅವನ ಮೇಲೆ ಯಾರೂ ಕೈಮಾಡುವಂತಿಲ್ಲ. ಪಂಚಾಯಿತಿ ಮಾಡಬೇಕಾದ ಕೆಲಸವನ್ನು ಮುಖವಾಡ ಮಾಡುತ್ತಿದೆ. ಇದನ್ನು ಮಾಟ ಎಂದು ಹೇಗೆ ಕರೆಯುವುದು?

ಹಾಗಾದರೆ ಮುಖವಾಡ ತೊಡುವುದು ಗಂಡಸರು ಮಾತ್ರವೇ? ಸಿಯೆರಾ ಲಿಯೋನ್‌ನ ಮೆಂಡೆ ಜನರಲ್ಲಿ ಸಾಂಡೆ ಎಂಬ ಮಹಿಳೆಯರ ಸಂಘವಿದೆ. ಅದರ ಸೊವೆ ಮುಖವಾಡವನ್ನು ಕೆತ್ತುವವರು ಗಂಡಸರು, ತೊಟ್ಟು ಕುಣಿಯುವವರು ಹೆಂಗಸರು. ಹೊಳೆಯುವ ಕಪ್ಪು ಬಣ್ಣ, ಅಗಲ ಹಣೆ, ಮುಚ್ಚಿದ ಪುಟ್ಟ ಬಾಯಿ, ಕುತ್ತಿಗೆಯಲ್ಲಿ ಮಡಿಕೆಗಳು: ಹೆಣ್ಣು ಹೇಗಿರಬೇಕೆಂಬ ಅವರ ಆದರ್ಶ ಅದು. ಹುಡುಗಿಯರನ್ನು ಹೆಂಗಸರ ಸಾಲಿಗೆ ಸೇರಿಸುವ ದೀಕ್ಷೆ ಕೊಡುವುದೂ ಇದೇ ಸಂಘ. ಆ ದೀಕ್ಷೆಯ ಅಂಗವಾಗಿ ನಡೆಯುತ್ತ ಬಂದಿರುವ ಜನನಾಂಗ ಛೇದನವನ್ನು ಅಲ್ಲಿಯ ಅನೇಕ ಮಹಿಳೆಯರೇ ವಿರೋಧಿಸುತ್ತಿದ್ದಾರೆ, ರಕ್ತ ಹರಿಸದ ದೀಕ್ಷೆಯನ್ನು ರೂಢಿಗೆ ತರಲು ದುಡಿಯುತ್ತಿದ್ದಾರೆ. ಮುಖವಾಡವನ್ನು ಮೆಚ್ಚುವವರು ಈ ಹೋರಾಟವನ್ನೂ ತಿಳಿದಿರಬೇಕು.