ಎರಡು ಇಂಚು ಎತ್ತಿದ ಜೀಪಿಗೆ ಎಷ್ಟು ಉದ್ದದ ಶಾಕ್?

"ಗಾಡಿ ಎರಡು ಇಂಚು ಎತ್ತಿದ್ದೀವಿ, ಎರಡು ಇಂಚು ಉದ್ದದ ಶಾಕ್ ಹಾಕಿಬಿಡಿ." ಆಫ್‌ರೋಡ್ ಹುಚ್ಚಿನವರು ಸೇರಿದ ಕಡೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಶಾಕ್ ಅಂದರೆ ಚಾಸಿಗೂ ಆಕ್ಸಲ್‌ಗೂ ನಡುವೆ ಕೂರುವ ಶಾಕ್ ಅಬ್ಸಾರ್ಬರ್. ಕೇಳಲು ಸರಿ ಅನಿಸುತ್ತದೆ, ಅಲ್ವಾ? ಆದರೆ ಇದನ್ನೇ ನಂಬಿದರೆ ಶಾಕ್‌ನ ರಾಡ್ ಬಗ್ಗಬಹುದು, ಚಾಸಿಗೆ ಬೆಸೆದ ಮೌಂಟೇ ಕಿತ್ತು ಬರಬಹುದು. ಆಮೇಲೆ ಬೈಗುಳವೆಲ್ಲ ಶಾಕ್ ಕಂಪನಿಗೆ. ತಪ್ಪಿರುವುದು ಲೆಕ್ಕದಲ್ಲಿ.

ಉದ್ದದ ಶಾಕ್ ಹಾಕಿದರೆ ಗಾಡಿ ತಾನಾಗಿ ಏರುತ್ತದೆ ಅನ್ನುವವರೂ ಇದ್ದಾರೆ. ಏರಲ್ಲ. ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ಅಡಗಿಸುವುದಷ್ಟೇ ಶಾಕ್‌ನ ಕೆಲಸ. ಗ್ಯಾಸ್ ಇಲ್ಲದ ಶಾಕ್ ಒಂದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ರಾಡ್ ಸುಮ್ನೆ ಒಳಗೆ ಹೋಗುತ್ತದೆ. ಜೋರಾಗಿ ಒತ್ತಿದರೆ ಬಿಗಿಯುತ್ತದೆ. ಕೈ ತೆಗೆದರೆ ಇದ್ದಲ್ಲೇ ನಿಲ್ಲುತ್ತದೆ. ಒಳಗಿನ ಎಣ್ಣೆ ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ನುಸುಳಿ ಹೋಗಬೇಕು. ಅವಸರ ಮಾಡಿದಷ್ಟೂ ಅದು ಅಡ್ಡ ನಿಲ್ಲುತ್ತದೆ. ಅಂದರೆ ಶಾಕ್ ತಡೆಯುವುದು ವೇಗವನ್ನು, ಭಾರವನ್ನಲ್ಲ. ಗ್ಯಾಸ್ ತುಂಬಿದ ಶಾಕ್ ತಾನಾಗಿಯೇ ಹೊರಗೆ ಬರುತ್ತದೆ, ನಿಜ. 14 ಮಿ.ಮೀ. ದಪ್ಪದ ರಾಡ್, ಒಳಗೆ 25 ಬಾರ್ ಒತ್ತಡ ಅಂದುಕೊಂಡರೆ ಸಿಗುವ ತಳ್ಳು ಸುಮಾರು 39 ಕೆಜಿ. ಹಗುರ ಗಾಡಿ ಇದರಿಂದ ಕೊಂಚ ಏರಬಹುದು. ಆದರೆ ಅದು ಒತ್ತಡ ಮಾಡಿದ ಕೆಲಸ. ಉದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಈಗ ಅಸಲಿ ವಿಷಯ. ಪ್ರತಿ ಶಾಕ್‌ಗೂ ಎರಡು ಅಳತೆ: ಪೂರ್ತಿ ಎಳೆದಾಗ ಎಷ್ಟು ಉದ್ದ, ಪೂರ್ತಿ ಒತ್ತಿದಾಗ ಎಷ್ಟು ಉದ್ದ. ಎರಡರ ನಡುವಿನ ವ್ಯತ್ಯಾಸವೇ ಸ್ಟ್ರೋಕ್. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಮೊದಲನೆಯದನ್ನು. ಗಾಡಿ ಮುರಿಯುವುದು ಎರಡನೆಯದು.

ಸೈಕಲ್ ಪಂಪ್ ನೆನಪಿಸಿಕೊಳ್ಳಿ. ರಾಡ್ ಪೂರ್ತಿ ಒಳಗೆ ಹೋಗಬೇಕಾದರೆ ಅದನ್ನು ನುಂಗುವಷ್ಟು ಉದ್ದದ ಕೊಳವೆ ಬೇಕು. ರಾಡನ್ನು ಒಂದು ಇಂಚು ಬೆಳೆಸಿದರೆ ಕೊಳವೆಯನ್ನೂ ಒಂದು ಇಂಚು ಬೆಳೆಸಲೇಬೇಕು. ಎಳೆದಾಗ ಎರಡೂ ಸೇರಿ ಎರಡು ಇಂಚು ಹೆಚ್ಚುತ್ತದೆ. ಒತ್ತಿದಾಗ ಕೊಳವೆಯ ಒಂದು ಇಂಚು ಉಳಿದೇ ಬಿಡುತ್ತದೆ. ಶಾಕ್‌ನಲ್ಲೂ ಹೀಗೇ. ಇದರ ಮೇಲೆ ಎರಡು ತುದಿಯ ಕಣ್ಣು (ಬೋಲ್ಟ್ ತೂರುವ ಬಳೆ), ಬುಷ್, ಪಿಸ್ಟನ್, ಸೀಲ್ ಎಲ್ಲ ಸೇರಿ ನಾಲ್ಕು ಇಂಚಿನ ಆಸುಪಾಸು ಕೆಲಸಕ್ಕೆ ಬಾರದ ಉದ್ದ ಇದ್ದೇ ಇರುತ್ತದೆ. 8 ಇಂಚಿನ ಸ್ಟ್ರೋಕ್ ಇರುವ ಶಾಕ್ ಒತ್ತಿದಾಗ 12, ಎಳೆದಾಗ 20 ಇಂಚು. ಸ್ಟ್ರೋಕ್ 9 ಮಾಡಿದರೆ 13 ಮತ್ತು 22. ಎಳೆದಾಗ ಎರಡು ಇಂಚು ಜಾಸ್ತಿ ಸಿಕ್ಕಿತು, ಆದರೆ ಒತ್ತಿದಾಗ ಒಂದು ಇಂಚು ಕಳೆದುಕೊಂಡಿರಿ.

ಒಂದು ಇಂಚು ತಾನೇ ಅನ್ನಬೇಡಿ. ಸ್ಪ್ರಿಂಗ್ ಬದಲಿಸಿ ಗಾಡಿ ಎತ್ತಿದಾಗ, ನಿಂತ ಗಾಡಿಯಲ್ಲಿ ಚಾಸಿಗೂ ಆಕ್ಸಲ್‌ಗೂ ನಡುವಿನ ದೂರ ಹೆಚ್ಚಿತು. ಆದರೆ ಆಕ್ಸಲ್ ಮೇಲೆದ್ದು ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುವ ಜಾಗ ಕೂದಲೆಳೆಯಷ್ಟೂ ಬದಲಾಗಿಲ್ಲ. ಮೊದಲು ಎಷ್ಟು ಗಿಡ್ಡ ಆಗಬೇಕಿತ್ತೋ ಈಗಲೂ ಶಾಕ್ ಅಷ್ಟೇ ಗಿಡ್ಡ ಆಗಬೇಕು. ಆಗದಿದ್ದರೆ ರಬ್ಬರಿಗಿಂತ ಮೊದಲು ಶಾಕ್‌ನ ತಳ ತಾಗುತ್ತದೆ. ಚಾಸಿಗೆ ಬರಬೇಕಿದ್ದ ಏಟು ಬೆರಳುದಪ್ಪದ ರಾಡಿನ ಮೇಲೆ ಬೀಳುತ್ತದೆ. ಕೊಲ್ಲೂರಿನಿಂದ ಜನ ತುಂಬಿಕೊಂಡು ಕೊಡಚಾದ್ರಿ ಹತ್ತುವ ಜೀಪು ಮೊದಲೇ ಕುಗ್ಗಿ ಕೂತಿರುತ್ತದೆ. ಒಂದು ದೊಡ್ಡ ಹೊಂಡ ಸಾಕು.

ಈ ತಲೆನೋವು ಮೊದಲು ಇರಲಿಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. 20ನೇ ಶತಮಾನದ ಶುರುವಿನಲ್ಲಿ ಫ್ರಾನ್ಸಿನ ಟ್ರುಫೋ ಮತ್ತು ಅಮೆರಿಕದ ಹಾರ್ಟ್‌ಫರ್ಡ್ ಹೆಸರಿನ ಶಾಕ್‌ಗಳು ಬಂದವು. ಕತ್ತರಿಯಂಥ ಎರಡು ತೋಳು, ನಡುವೆ ಉಜ್ಜುವ ಬಿಲ್ಲೆಗಳು. ನಿಧಾನಕ್ಕೂ ಜೋರಿಗೂ ಹೆಚ್ಚುಕಡಿಮೆ ಒಂದೇ ತಡೆ. ಆಮೇಲೆ ಬಂದದ್ದು ಎಣ್ಣೆಯ ಹುಡೈ ಶಾಕ್. ಫೋರ್ಡ್ ಮಾಡೆಲ್ ಎ ಕಾರಿನಲ್ಲೂ ಅದೇ ಇತ್ತು. ಅದರ ಡಬ್ಬಿ ಚಾಸಿಗೆ ಬಿಗಿ, ಅಲ್ಲಿಂದ ಒಂದು ತೋಳು, ತೋಳಿನಿಂದ ಆಕ್ಸಲ್‌ಗೆ ಒಂದು ಕೊಂಡಿ. ಗಾಡಿ ಎತ್ತಿದರೆ ಕೊಂಡಿ ಉದ್ದ ಮಾಡಿದರೆ ಮುಗಿಯಿತು. ಕೊಳವೆಯೊಳಗೆ ರಾಡ್ ಓಡಾಡುವ ಈಗಿನ ಶಾಕ್ ಅಗ್ಗ, ಹಗುರ, ಚುರುಕು. ಆ ಅನುಕೂಲದ ಜೊತೆಗೇ ಈ ಉದ್ದದ ಪೇಚೂ ಬಂತು.

ಹಾಗಾದರೆ ಅಳೆಯುವುದು ಹೇಗೆ? ಶಾಕ್ ಬಿಚ್ಚಿ, ಗಾಡಿ ಸಮ ನೆಲದಲ್ಲಿ ನಿಂತಿರುವಾಗಲೇ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಟೇಪ್ ಹಿಡಿಯಿರಿ. 17 ಇಂಚು ಬಂತು ಅಂದುಕೊಳ್ಳೋಣ. ಆಕ್ಸಲ್‌ನಿಂದ ಬಂಪ್ ಸ್ಟಾಪ್‌ಗೆ 4 ಇಂಚು. ಅಲ್ಲಿಗೆ 13. ರಬ್ಬರ್ ಅರ್ಧ ಇಂಚು ಅಮುಕುತ್ತದೆ, ಇನ್ನೊಂದು ಅರ್ಧ ಇಂಚು ಹುಷಾರಿಗೆ ಬಿಡಿ. ಒತ್ತಿದಾಗ ಶಾಕ್ 12 ಇಂಚು ಮೀರಬಾರದು. ಈಗ ಚಾಸಿಗೆ ಜಾಕಿ ಕೊಟ್ಟು, ಭದ್ರವಾದ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಎಷ್ಟು ಇಳಿಯುತ್ತದೆ ನೋಡಿ. 5 ಇಂಚು ಇಳಿದರೆ 22. ಬೇಕಾದ ಸ್ಟ್ರೋಕ್ 10 ಇಂಚು. ಆದರೆ 12ಕ್ಕೆ ಗಿಡ್ಡವಾಗುವ ಶಾಕ್‌ನಲ್ಲಿ ಸಿಗುವುದು 8 ಇಂಚು ಮಾತ್ರ! ಪಂಪಿನ ಲೆಕ್ಕ ಇಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಯಾವ ಬ್ರ್ಯಾಂಡೂ ಇದನ್ನು ಮೀರಲಾರದು.

ಆಗ ಏನಾದರೂ ಒಂದನ್ನು ಬಿಟ್ಟುಕೊಡಬೇಕು. ಚಕ್ರದ ಇಳಿತ ಕಡಿಮೆ ಮಾಡಬಹುದು. ಬಂಪ್ ಸ್ಟಾಪ್ ಒಂದು ಇಂಚು ಕೆಳಗಿಳಿಸಿದರೆ 13–22ರ ಶಾಕ್ ಕೂರುತ್ತದೆ, ಆದರೆ ಚಕ್ರ ಮೇಲೆ ಹೋಗುವ ಜಾಗ ಅಷ್ಟು ಕಮ್ಮಿ. ದಪ್ಪ ಟೈರ್ ಹಾಕಿದ್ದರೆ ಇದಕ್ಕಾಗಿ ಕೊರಗಬೇಕಿಲ್ಲ. ಟೈರ್ ಫೆಂಡರಿಗೆ ತಾಗದಿರಲಿ ಅಂತ ಹೇಗೂ ಬಂಪ್ ಸ್ಟಾಪ್ ಇಳಿಸಲೇಬೇಕಾಗಬಹುದು. ಅದಕ್ಕೇ ಟೈರ್ ಯಾವುದು ಅಂತ ತೀರ್ಮಾನ ಆಗದೆ ಶಾಕ್ ಕೊಳ್ಳಬಾರದು.

ಮೇಲಿನ ಮೌಂಟ್ ಎತ್ತರಿಸುವುದು ಇನ್ನೊಂದು ದಾರಿ. ಜಾಗ ಇಲ್ಲದಿದ್ದರೆ ಶಾಕನ್ನು ಓರೆ ಮಾಡುತ್ತಾರೆ. 30 ಡಿಗ್ರಿ ವಾಲಿಸಿದರೆ ಆಕ್ಸಲ್ 8 ಇಂಚು ಓಡಾಡಿದಾಗ ಶಾಕ್ ಸುಮಾರು 7 ಇಂಚು ಮಾತ್ರ ಓಡಾಡುತ್ತದೆ. ಆದರೆ ತಡೆಯುವ ಶಕ್ತಿ ಎರಡು ಸಲ ಸೋರುತ್ತದೆ. ಶಾಕ್ ನಿಧಾನ ಚಲಿಸುವುದರಿಂದ ಒಮ್ಮೆ, ಓರೆಯಾಗಿ ತಳ್ಳುವುದರಿಂದ ಇನ್ನೊಮ್ಮೆ. ಉಳಿಯುವುದು ಮುಕ್ಕಾಲು ಪಾಲು. 45 ಡಿಗ್ರಿಗೆ ಅರ್ಧವೇ. ಮೇಲಿನ ಟೇಪಿನ ಲೆಕ್ಕವೂ ನೆಟ್ಟಗಿರುವ ಶಾಕ್‌ಗೆ. ಓರೆ ಇದ್ದರೆ ಆಕ್ಸಲ್ ಪೂರ್ತಿ ಮೇಲೆದ್ದಾಗ ಒಮ್ಮೆ, ಪೂರ್ತಿ ಇಳಿದಾಗ ಒಮ್ಮೆ ಬೋಲ್ಟಿನಿಂದ ಬೋಲ್ಟಿಗೇ ಅಳೆಯಿರಿ.

ಮಾರುತಿ ಜಿಪ್ಸಿಯವರಿಗೆ ಒಂದು ಮಾತು. ಅದರಲ್ಲಿ ಆಕ್ಸಲ್ ಕೆಳಗೆ ಲೀಫ್ ಸ್ಪ್ರಿಂಗ್ (ಪ್ಲೇಟುಗಳನ್ನು ಜೋಡಿಸಿದ ಸ್ಪ್ರಿಂಗ್) ಇರುತ್ತದೆ. ಲೀಫನ್ನು ಆಕ್ಸಲ್ ಮೇಲೆ ಕೂರಿಸಿದರೆ ಆಕ್ಸಲ್ ದಪ್ಪ, ಪ್ಲೇಟುಗಳ ದಪ್ಪ ಎರಡೂ ಸೇರಿ ಗಾಡಿ ಸುಮಾರು ಐದು ಇಂಚು ಏರುತ್ತದೆ. ಜೊತೆಗೆ ಬಂಪ್ ಸ್ಟಾಪ್‌ವರೆಗಿನ ದೂರವೂ ಅಷ್ಟೇ ಬೆಳೆಯುತ್ತದೆ. ಸ್ಟಾಪ್ ಇಳಿಸದೆ ಬಿಟ್ಟರೆ ದೊಡ್ಡ ಏಟಿಗೆ ಲೀಫ್ ಉಲ್ಟಾ ಬಾಗುತ್ತದೆ. ಇಲ್ಲಿ ಮೊದಲು ಬಂಪ್ ಸ್ಟಾಪ್, ಆಮೇಲೆ ಶಾಕ್. 2020ರ ಥಾರ್‌ನ ಮುಂಭಾಗಕ್ಕೆ ಈ ಲೆಕ್ಕ ನೇರವಾಗಿ ಹೊಂದಲ್ಲ. ಅಲ್ಲಿ ಶಾಕ್ ಕೂರುವುದು ಚಕ್ರವನ್ನು ಹಿಡಿದ ತೋಳಿನ ನಡುವೆ, ಹಾಗಾಗಿ ಶಾಕ್‌ಗಿಂತ ಚಕ್ರ ಹೆಚ್ಚು ಚಲಿಸುತ್ತದೆ. ಇಳಿತಕ್ಕೆ ಮಿತಿ ಹಾಕುವುದು ಡ್ರೈವ್ ಶಾಫ್ಟಿನ ಜಾಯಿಂಟ್ ಮತ್ತು ಬಾಲ್ ಜಾಯಿಂಟ್. ಉದ್ದದ ಶಾಕ್ ಹಾಕಿದರೆ ಅವೇ ಮೊದಲು ಹೋಗುತ್ತವೆ.

ಎರಡರಲ್ಲಿ ಒಂದು ಆರಿಸಲೇಬೇಕಾದರೆ ನಾನು ಒತ್ತುವ ಕಡೆಯನ್ನೇ ಕಾಪಾಡುತ್ತೇನೆ. ಇಳಿತ ಜಾಸ್ತಿಯಾದರೆ ಚಾಸಿಯಿಂದ ಆಕ್ಸಲ್‌ಗೆ ಪಟ್ಟಿ ಕಟ್ಟಿ ತಡೆಯಬಹುದು. ಒತ್ತಿದಾಗ ಲೋಹಕ್ಕೆ ಲೋಹ ಬಡಿದರೆ ಪಟ್ಟಿ ಏನೂ ಮಾಡಲ್ಲ. ಹಾಗಂತ ಹಳೇ ಗಿಡ್ಡ ಶಾಕನ್ನೇ ಬಿಟ್ಟರೆ ಪ್ರತಿ ಗುಂಡಿಯಲ್ಲೂ ಅದು ಪೂರ್ತಿ ಎಳೆದು 'ಢಬ್' ಅನ್ನುತ್ತದೆ, ಚಕ್ರ ನೆಲ ಬಿಡುತ್ತದೆ.

ಗಾಡಿ ಎತ್ತುವ ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ರಸ್ತೆಗಿಳಿಯುವ ಗಾಡಿಯ ಮೂಲ ವಿನ್ಯಾಸ ಮನಸ್ಸಿಗೆ ಬಂದಂತೆ ಬದಲಿಸಲು ಅವಕಾಶ ಇಲ್ಲ.

ಶಾಕ್ ಕೂರಿಸಿದ ಮೇಲೆ ಚಕ್ರಗಳನ್ನು ಪೂರ್ತಿ ಇಳಿಬಿಟ್ಟು ಬ್ರೇಕ್ ಹೋಸ್ ಬಿಗಿಯುತ್ತಿದೆಯಾ ನೋಡಿ. ಆಮೇಲೆ ರಾಡ್ ಹೊರಗೆ ಕಾಣುವ ಶಾಕ್ ಆದರೆ, ರಾಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ತಾನಾಗಿ ಜಾರದಷ್ಟು ಬಿಗಿಯಾಗಿ ಕಟ್ಟಿ ಸೀಲಿನ ತನಕ ಸರಿಸಿ. ಜನ, ಸಾಮಾನು ತುಂಬಿಕೊಂಡು ಕೆಟ್ಟ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸೀಲ್ ತಳ್ಳಿದಷ್ಟು ದೂರ ಟೈ ಸರಿದಿರುತ್ತದೆ. ಅದು ರಾಡಿನ ಇನ್ನೊಂದು ತುದಿಗೆ ಅರ್ಧ ಇಂಚಿಗಿಂತ ಹತ್ತಿರ ಹೋಗಿದ್ದರೆ ಬಂಪ್ ಸ್ಟಾಪ್ ಇನ್ನೊಂದಿಷ್ಟು ದಪ್ಪ ಮಾಡಿ.