ನಮೂನೆ ತುಂಬಬೇಕಾದದ್ದು ಯಾವಾಗ?

ಕನ್ಸಾರ್ಟ್, ಸ್ಟ್ರೋಬ್, ಪ್ರಿಸ್ಮಾ, ಸ್ಪಿರಿಟ್, ಹಾರ್ಪರ್. ವೈದ್ಯಕೀಯ ಸಂಶೋಧನೆ ಬಗ್ಗೆ ಓದುವವರಿಗೆ ಈ ಹೆಸರುಗಳು ಪದೇ ಪದೇ ಸಿಗುತ್ತವೆ, ತಲೆ ಕೆಡಿಸುತ್ತವೆ. ಇವೆಲ್ಲ ನಮೂನೆಗಳೇ. ಒಂದು ಅಧ್ಯಯನದ ಬಗ್ಗೆ ಏನೇನು ಹೇಳಬೇಕು ಅಂತ ಮೊದಲೇ ಗೊತ್ತುಮಾಡಿದ ಪಟ್ಟಿಗಳು. ಬೇರೆಯವರು ಅದೇ ಕೆಲಸ ಮತ್ತೆ ಮಾಡಿದರೆ ಅದೇ ಉತ್ತರ ಬರಬೇಕು ಅನ್ನೋದು ಎಲ್ಲದರ ಆಸೆ. ಆದರೆ ಕೆಲವನ್ನು ಅಧ್ಯಯನ ಶುರುವಾಗುವ ಮೊದಲು ತುಂಬುತ್ತಾರೆ, ಕೆಲವನ್ನು ಎಲ್ಲ ಮುಗಿದ ಮೇಲೆ. ನನ್ನ ಪ್ರಕಾರ ಇಡೀ ಕಥೆಯ ಗಂಟು ಇರುವುದು ಇಲ್ಲೇ.

1948ರಲ್ಲಿ, ಕ್ಷಯರೋಗದ ಔಷಧ ಸ್ಟ್ರೆಪ್ಟೊಮೈಸಿನ್ ಅನ್ನು ರೋಗಿಗಳ ಮೇಲೆ ಪರೀಕ್ಷಿಸಿದ ಬ್ರಿಟನ್ನಿನ ಪ್ರಯೋಗ ಪ್ರಕಟವಾಯಿತು. ಆಮೇಲೆ ಅರ್ಧ ಶತಮಾನ ಇಂಥ ಪ್ರಯೋಗಗಳು, ಅಂದರೆ ಕ್ಲಿನಿಕಲ್ ಟ್ರಯಲ್‌ಗಳು ಹೆಚ್ಚುತ್ತಲೇ ಹೋದವು, ಬರೆಯುವ ರೀತಿ ಮಾತ್ರ ಅವರವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ರೋಗಿಗಳನ್ನು ಗುಂಪು ಮಾಡಿದ್ದು ಹೇಗೆ, ನಡುವೆ ಬಿಟ್ಟುಹೋದವರು ಎಷ್ಟು ಮಂದಿ ಅನ್ನೋದು ಎಷ್ಟೋ ವರದಿಗಳಲ್ಲಿ ಇರುತ್ತಲೇ ಇರಲಿಲ್ಲ. 1994ರಲ್ಲಿ ಸಂಖ್ಯಾಶಾಸ್ತ್ರಜ್ಞ ಡಗ್ ಆಲ್ಟ್‌ಮನ್ ಕಳಪೆ ವೈದ್ಯಕೀಯ ಸಂಶೋಧನೆಯನ್ನು ಹಗರಣ ಅಂತಲೇ ಕರೆದರು. 1996ರಲ್ಲಿ ಟ್ರಯಲ್ ವರದಿಗಳಿಗಾಗಿ ಕನ್ಸಾರ್ಟ್ ಬಂತು. ಚಿಕಿತ್ಸೆ ಕೊಡದೆ ಬರೀ ಗಮನಿಸುವ ಅಧ್ಯಯನಗಳಿಗೆ 2007ರಲ್ಲಿ ಸ್ಟ್ರೋಬ್, ಹಲವು ಅಧ್ಯಯನಗಳನ್ನು ಕಲೆಹಾಕಿ ನೋಡುವ ವಿಮರ್ಶೆಗಳಿಗೆ 2009ರಲ್ಲಿ ಪ್ರಿಸ್ಮಾ. ಆಮೇಲೆ ಪ್ರತಿ ಬಗೆಯ ಅಧ್ಯಯನಕ್ಕೂ ಒಂದೊಂದು.

ಇವುಗಳಿಂದ ವರದಿಗಳು ಸುಧಾರಿಸಿದವು, ಅದರಲ್ಲಿ ಅನುಮಾನವಿಲ್ಲ. ಆದರೆ ಇವನ್ನು ತುಂಬುವುದು ಕೊನೆಯಲ್ಲಿ, ಲೇಖನವನ್ನು ಜರ್ನಲ್‌ಗೆ ಕಳಿಸುವ ಹೊತ್ತಿಗೆ. ಫಲಿತಾಂಶ ಅಷ್ಟೊತ್ತಿಗೆ ಕೈಯಲ್ಲಿರುತ್ತದೆ. ಪಟ್ಟಿಯ ಪ್ರತಿ ಅಂಶದ ಎದುರಿಗೆ ಪುಟದ ಸಂಖ್ಯೆ ಬರೆದು ಕಳಿಸಿದರೆ ಕೆಲಸ ಮುಗಿಯಿತು. ಹೃದಯಾಘಾತ ತಗ್ಗುತ್ತಾ ಅಂತ ನೋಡಲು ಹೊರಟ ಟ್ರಯಲ್, ಕೊನೆಗೆ ರಕ್ತದೊತ್ತಡ ತಗ್ಗಿತು ಅಂತ ಬರೆದುಕೊಂಡರೂ ಪಟ್ಟಿಯ ಕಣ್ಣಿಗೆ ಬೀಳದೇ ಹೋಗಬಹುದು, ಅಲ್ವಾ?

ಇಂಥದ್ದನ್ನು ತಡೆಯಲೂ ಆಗುವಂತೆ 2004ರಲ್ಲಿ ಪ್ರಮುಖ ಜರ್ನಲ್‌ಗಳ ಸಂಪಾದಕರು, ಯಾರು ಬೇಕಾದರೂ ನೋಡಬಹುದಾದ ಪಟ್ಟಿಯಲ್ಲಿ ಮೊದಲೇ ನೋಂದಾಯಿಸದ ಟ್ರಯಲ್‌ಗಳನ್ನು ಪ್ರಕಟಿಸುವುದಿಲ್ಲ ಅಂತ ಸಾರಿದರು. 2005ರ ಜುಲೈಯಿಂದ ಅದು ಜಾರಿಗೆ ಬಂತು. 2013ರಲ್ಲಿ ಪ್ರೋಟೋಕಾಲ್, ಅಂದರೆ ಟ್ರಯಲ್ ಶುರುವಾಗುವ ಮೊದಲೇ ಬರೆದಿಡುವ ಯೋಜನೆ, ಬರೆಯುವುದಕ್ಕೇ ಸ್ಪಿರಿಟ್ ಬಂತು. ಮೊದಲೇ ಹೇಳಿಡುವುದರ ಪರಿಣಾಮ ಎಷ್ಟಿರಬಹುದು ಅನ್ನೋದಕ್ಕೆ ಒಂದು ಲೆಕ್ಕವಿದೆ. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ ಹಣ ಕೊಟ್ಟ ದೊಡ್ಡ ಟ್ರಯಲ್‌ಗಳನ್ನು 2015ರ ಒಂದು ಅಧ್ಯಯನ ಹೋಲಿಸಿ ನೋಡಿತು. ಇವುಗಳಲ್ಲಿ ಮೊದಲೇ ನೋಂದಾಯಿಸುವ ರೂಢಿ ಬಂದದ್ದು 2000ದ ಹೊತ್ತಿಗೆ. ಅದಕ್ಕೆ ಮೊದಲಿನ 30ರಲ್ಲಿ 17 ಚಿಕಿತ್ಸೆಗಳು ಫಲ ಕೊಟ್ಟಿದ್ದವು. ಆಮೇಲಿನ 25ರಲ್ಲಿ ಬರೀ 2.

ಈಗ ಎಲ್ಲಕ್ಕಿಂತ ಜಟಿಲವಾದ ಭಾಗ. ಆಸ್ಪತ್ರೆ ದಾಖಲೆ, ವಿಮೆ ಬಿಲ್ಲುಗಳಂಥ ಮೊದಲೇ ಕೂಡಿಬಿದ್ದಿರುವ ಡೇಟಾ ಇಟ್ಟುಕೊಂಡು ಔಷಧಗಳ ಪರಿಣಾಮ ಅಳೆಯುವ ಅಧ್ಯಯನಗಳು ಈಚೆಗೆ ಬಹಳ ಬರುತ್ತಿವೆ. ಇಲ್ಲಿ ಸಣ್ಣ ಸಣ್ಣ ತೀರ್ಮಾನಗಳೇ ಉತ್ತರವನ್ನು ಆಚೀಚೆ ಮಾಡುತ್ತವೆ. ಒಂದು ಉದಾಹರಣೆ ನೋಡೋಣ. ರೋಗಿಯೊಬ್ಬರು 30 ದಿನಕ್ಕಾಗುವಷ್ಟು ಮಾತ್ರೆ ತೆಗೆದುಕೊಂಡರು. ಮುಂದಿನ ಸಲ ತೆಗೆದುಕೊಂಡಿದ್ದು 42ನೇ ದಿನ. ನಡುವೆ 38ನೇ ದಿನ ಹೃದಯಾಘಾತವಾಯಿತು. ಅದು ಔಷಧದ ಲೆಕ್ಕಕ್ಕೆ ಸೇರಬೇಕೋ ಬೇಡವೋ? ಮಾತ್ರೆ ಮುಗಿದ ಮೇಲೆ 7 ದಿನದವರೆಗೆ ಮಾತ್ರ ಔಷಧ ನಡೆಯುತ್ತಿದೆ ಅಂತ ಹಿಡಿದರೆ ಸೇರುವುದಿಲ್ಲ. 30 ದಿನ ಅಂತ ಹಿಡಿದರೆ ಸೇರುತ್ತದೆ. ಎರಡಕ್ಕೂ ಸಮರ್ಥನೆ ಇದೆ. ಅದೇ ಥರ, ‘ಹೊಸದಾಗಿ ಔಷಧ ಶುರು ಮಾಡಿದವರು’ ಅನ್ನಲು ಹಿಂದಿನ ಆರು ತಿಂಗಳು ನೋಡಬೇಕೋ, ಒಂದು ವರ್ಷವೋ? ಮಧುಮೇಹ ಇದೆ ಅನ್ನಲು ದಾಖಲೆಯಲ್ಲಿ ರೋಗದ ಕೋಡ್ ಒಂದು ಸಲ ಇದ್ದರೆ ಸಾಕೋ, ಎರಡು ಸಲ ಬೇಕೋ? ಲೇಖನದಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ.

ಇಂಥ 150 ಅಧ್ಯಯನಗಳನ್ನು ಅದೇ ಡೇಟಾಬೇಸ್ ಇಟ್ಟುಕೊಂಡು ಮತ್ತೆ ಮಾಡಿ ನೋಡಿದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬಹುಪಾಲು ಉತ್ತರಗಳು ಹತ್ತಿರಹತ್ತಿರ ಬಂದವು, ಅದು ಸಮಾಧಾನದ ಮಾತು. ಆದರೆ ಕೆಲವು ಬಹಳ ದೂರ ಹೋದವು. ಬರೆಯದೇ ಬಿಟ್ಟ ವಿವರಗಳನ್ನು ಊಹಿಸಿಕೊಂಡೇ ಮುಂದುವರಿಯಬೇಕಾಗಿತ್ತು.

ಅದೇ ವರ್ಷ ಹಾರ್ಪರ್ ಟೆಂಪ್ಲೇಟ್ ಬಂತು. ಇದು ಇಂಥ ಅಧ್ಯಯನಗಳ ಪ್ರೋಟೋಕಾಲ್‌ಗೆಂದು ಮಾಡಿದ್ದು. ಇದರಲ್ಲಿ ಕೋಷ್ಟಕಗಳಿವೆ. ಎಷ್ಟು ದಿನ, ಯಾವ ಕೋಡ್, ಲೆಕ್ಕ ಯಾವ ದಿನದಿಂದ ಅಂತ ನಿಖರವಾಗಿ ತುಂಬಬೇಕು, ಯಾಕೆ ಅಂತಲೂ ಬರೆಯಬೇಕು. ಆಮೇಲೆ ಏನಾದರೂ ಬದಲಾದರೆ ಅದಕ್ಕೂ ಜಾಗವಿದೆ, ತಾರೀಖಿನ ಸಮೇತ. ಬದಲಾವಣೆ ತಪ್ಪೇನಲ್ಲ. ಕಾಣದಂತೆ ಮಾಡಿದರೆ ಮಾತ್ರ ತೊಂದರೆ. ತುಂಬಲು ಜಾಸ್ತಿ ಸಮಯ ಬೇಕು ಅನ್ನೋ ದೂರು ನಿಜವೇ. ಆದರೆ ಆ ತೀರ್ಮಾನಗಳನ್ನು ಹೇಗೂ ತೆಗೆದುಕೊಳ್ಳಲೇಬೇಕು.

ಉಳಿದಿರುವ ಪ್ರಶ್ನೆ, ತುಂಬಿದ್ದನ್ನು ಓದುವವರು ಯಾರು ಅನ್ನೋದು. ಐದು ಪ್ರಮುಖ ಜರ್ನಲ್‌ಗಳ 67 ಟ್ರಯಲ್‌ಗಳನ್ನು ಕಂಪೇರ್ ಎಂಬ ತಂಡ ಅವುಗಳ ಮೂಲ ಯೋಜನೆಯ ಪಕ್ಕದಲ್ಲಿಟ್ಟು ನೋಡಿತ್ತು. ಹೇಳಿದ್ದನ್ನೇ ಪೂರ್ತಿ ವರದಿ ಮಾಡಿದವು 9 ಮಾತ್ರ. ಅವೆಲ್ಲ, ಪ್ರಕಟಣೆಗೆ ಮೊದಲು ಲೇಖನ ಪರಿಶೀಲಿಸುವ ವಿಮರ್ಶಕರ ಕೈ ದಾಟಿ ಬಂದ ಲೇಖನಗಳೇ. 2025ರಲ್ಲಿ ಪರಿಷ್ಕರಿಸಿದ ಕನ್ಸಾರ್ಟ್, ಪ್ರೋಟೋಕಾಲ್ ಮತ್ತು ವಿಶ್ಲೇಷಣೆಯ ಯೋಜನೆ ಎಲ್ಲಿ ಸಿಗುತ್ತವೆ ಅಂತ ಬರೆಯಲು ಕೇಳುತ್ತದೆ. ಅಲ್ಲಿಗೆ ಹೋಗಿ, ಎರಡನ್ನೂ ತೆರೆದು, ಸಾಲು ಸಾಲು ಹೊಂದಿಸಿ ನೋಡುವ ಕೆಲಸವನ್ನು ಪ್ರತಿ ಜರ್ನಲ್ ಯಾರಾದರೊಬ್ಬರಿಗೆ ಸಂಬಳ ಕೊಟ್ಟು ವಹಿಸಬೇಕು.